ಶೈತ್ಯಸಾಧಕ ಕಾಮರ್ಲಿಂಗ್ ಓನೆಸ್

ವಿಜ್ಞಾನೇತಿಹಾಸದಲ್ಲಿ ಚಿರಸ್ಮರಣೀಯರಾದ ಮಹನೀಯರಲ್ಲಿ ಹಾಲೆಂಡ್ ದೇಶದ ಹೈಕೆ ಕಾಮರ್ಲಿಂಗ್ ಓನೆಸ್ ಅವರೂ ಒಬ್ಬರು. ಉಷ್ಣವು ಪದಾರ್ಥದ ಕಣಗಳಲ್ಲಿ ಎಬ್ಬಿಸುವ ಅವಿರತ ಕೋಲಾಹಲವನ್ನು ಮಾನವಪ್ರಯತ್ನದಿಂದ ಎಷ್ಟರಮಟ್ಟಿಗೆ ಅಡಗಿಸಬಹುದೆಂಬುದನ್ನು ಅವರು ಲೋಕಕ್ಕೆ ತೋರಿಸಿಕೊಟ್ಟರು. ಇಂದಿನ ಅತಿಸೂಕ್ಷ್ಮ ವಿದ್ಯುನ್ಮಂಡಲಗಳಿಗೆ ಅವರ ಸಾಧನೆಯೇ ತಳಹದಿಯಾಗಿರುವುದರಿಂದ ವಿದ್ಯಾರ್ಥಿಗಳು ಅವರ ಜೀವನವನ್ನು ಅರಿಯುವುದು ಉಚಿತವಾಗಿದೆ.

ಓನೆಸ್ ಅವರು 1853ನೆಯ ಇಸವಿ ಸೆಪ್ಟೆಂಬರ್ 21ರಂದು ಗ್ರೋನಿಂಗನ್ ನಗರದಲ್ಲಿ ಜನಿಸಿದರು. ತಂದೆಯವರು ಇಟ್ಟಿಗೆ ಕಾರ್ಖಾನೆಯೊಂದರ ಒಡೆಯರು. ಹುಟ್ಟೂರಿನಲ್ಲಿಯೂ, ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಬುನ್ಸೆನ್ ಮತ್ತು ಕಿರ್ಕಾಫ್ ಎಂಬ ಆಚಾರ್ಯರ ಬಳಿಯಲ್ಲಿಯೂ ವ್ಯಾಸಂಗ ಮಾಡಿ, 1879ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು. ಲೋಲಕದ ತೂಗಾಟದಿಂದ ಭೂಮಿಯ ಆವರ್ತನೆಯನ್ನು ಸಿದ್ಧಪಡಿಸುವುದೇ ಅವರ ಪ್ರಬಂಧದ ವಿಷಯವಾಗಿತ್ತು. ಈ ಲೋಲಕದ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದು ಮತ್ತೆ ಬರುವುದು.

1882ರಲ್ಲಿ ಲೈಡನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಓನೆಸ್ ಅವರು ನಿಖರವಾದ ಅಳತೆಯೇ ಜ್ಞಾನಕ್ಕೆ ದಾರಿಯೆಂದು ಸಾರಿ, ಅನಿಲಗಳನ್ನು ದ್ರವವಾಗಿಸುವ ಕಾರ್ಯದಲ್ಲಿ ತೊಡಗಿದರು. ಆದರೆ ಮಾರ್ಗ ಸುಗಮವಾಗಿರಲಿಲ್ಲ. 1807ರಲ್ಲಿ ಅದೇ ಊರಿನಲ್ಲಿ ಮದ್ದು ತುಂಬಿದ ಹಡಗೊಂದು ಸಿಡಿದು ಅನೇಕರು ಮಡಿದಿದ್ದರು. ಆ ಸ್ಫೋಟದಿಂದ ಪಾಳುಬಿದ್ದ ನೆಲದ ಮೇಲೆಯೇ ಪ್ರಯೋಗಶಾಲೆ ನಿಂತಿತ್ತು. ಒತ್ತಡಕ್ಕೊಳಗಾದ ಅನಿಲಗಳಿಂದ ಮತ್ತೊಮ್ಮೆ ಅನಾಹುತವಾದೀತೆಂಬ ಭಯದಿಂದ 1895ರಲ್ಲಿ ಆಕ್ಷೇಪಣೆಗಳೆದ್ದು, ಕೆಲಸವು 1898ರವರೆಗೆ ಸ್ಥಗಿತಗೊಂಡಿತು. ಅದೇ 1898ರಲ್ಲಿ ಇಂಗ್ಲೆಂಡಿನಲ್ಲಿ ಡ್ಯೂವರ್ ಅವರು ಹೈಡ್ರೋಜನ್ನನ್ನು ದ್ರವೀಕರಿಸಿ ಮುಂದೆ ಸಾಗಿದರು. ಓನೆಸ್ ಅವರು ಎದೆಗುಂದಲಿಲ್ಲ. ಒಬ್ಬನ ಬುದ್ಧಿಯಿಂದಲೇ ಇಂಥ ಕಾರ್ಯ ನೆರವೇರದೆಂದು ಬಗೆದು, 1901ರಲ್ಲಿ ಉಪಕರಣ ತಯಾರಕರಿಗಾಗಿ ಶಾಲೆಯನ್ನೇ ತೆರೆದರು. ಗಾಜು ಊದುವವರು, ಯಂತ್ರ ಕೂಡಿಸುವವರು ಮೊದಲಾದ ಕುಶಲಕರ್ಮಿಗಳು ಅಲ್ಲಿ ತಯಾರಾದರು.

1908ರ ಜುಲೈ 10ರಂದು ಆ ಶ್ರಮವು ಫಲಿಸಿತು. ಮೋನಜೈಟ್ ಮರಳಿನಿಂದ ಪಡೆದ ಹೀಲಿಯಂ ಅನಿಲವು ಬೆಳಗಿನಿಂದ ರಾತ್ರಿಯವರೆಗಿನ ದುಡಿಮೆಯ ಕೊನೆಯಲ್ಲಿ ದ್ರವವಾಯಿತು. ದೊರೆತದ್ದು ಸುಮಾರು 60 ಘನ ಸೆಂಟಿಮೀಟರ್ ಮಾತ್ರ. ಅದರ ಕುದಿಬಿಂದುವು ನಿರಪೇಕ್ಷ ಶೂನ್ಯದಿಂದ ಕೇವಲ 4 ಡಿಗ್ರಿಗಳಷ್ಟು ಮೇಲೆ. 1911ರ ಏಪ್ರಿಲ್ 8ರಂದು ಆ ಶೈತ್ಯದಲ್ಲಿ ಪಾದರಸದ ವಿದ್ಯುದ್ರೋಧವು ಹಠಾತ್ತನೆ ಮಾಯವಾಯಿತು. ಇದೇ ಅತಿವಾಹಕತೆ. ಅಳತೆಯನ್ನು ಮಾಡಿದ ಕೈಗಳು ಸಹಾಯಕರಾದ ಗಿಲೆಸ್ ಹೋಲ್ಸ್ಟ್ ಅವರವು. ಲೇಖನವಾದರೋ ಓನೆಸ್ ಅವರೊಬ್ಬರ ಹೆಸರಿನಲ್ಲಿಯೇ ಹೊರಬಂದಿತು. ಮಹನೀಯರನ್ನು ಕೊಂಡಾಡುವಾಗ ಇಂಥವರನ್ನೂ ನೆನೆಯುವುದು ನ್ಯಾಯ. 1913ರಲ್ಲಿ ನೊಬೆಲ್ ಪಾರಿತೋಷಿಕವನ್ನು ಪಡೆದ ಓನೆಸ್ ಅವರು 1926ರ ಫೆಬ್ರುವರಿ 21ರಂದು ಲೈಡನ್ನಿನಲ್ಲಿ ದಿವಂಗತರಾದರು.

ಅವರು ನೆಟ್ಟ ಸಸಿ ಬಳಿಕ ಹೆಮ್ಮರವಾಯಿತು. 1962ರಲ್ಲಿ ಕೇಂಬ್ರಿಜ್ಜಿನ ಬ್ರಯನ್ ಜೋಸೆಫ್‌ಸನ್ ಎಂಬ ತರುಣರು, ತೆಳುಪೊರೆಯಿಂದ ಬೇರ್ಪಟ್ಟ ಎರಡು ಅತಿವಾಹಕಗಳ ಸಂಧಿಯು ವಿದ್ಯುದಾಂದೋಲಕವಾಗಬಲ್ಲುದೆಂದು ಗಣಿತದಿಂದ ತೋರಿಸಿದರು. ಒಂದು ಮೈಕ್ರೋವೋಲ್ಟಿಗೆ ಅದು ಸೆಕೆಂಡಿಗೆ ಸುಮಾರು 48 ಕೋಟಿ ಬಾರಿ ಆಂದೋಲಿಸುತ್ತದೆ. ಅಚ್ಚರಿಯೇನೆಂದರೆ, ಅದರ ಸಮೀಕರಣವು ಲೋಲಕದ ಸಮೀಕರಣವೇ ಆಗಿದೆ! ಓನೆಸ್ ಅವರು ಯೌವನದಲ್ಲಿ ತೂಗಿಬಿಟ್ಟ ಲೋಲಕವು ಅವರೇ ಸಾಧಿಸಿದ ಶೈತ್ಯದಲ್ಲಿ ವಿದ್ಯುದ್ರೂಪದಿಂದ ಪುನಃ ಕಾಣಿಸಿಕೊಂಡಿತು.

ಇಂಥ ಎರಡು ಮಂಡಲಗಳನ್ನು ಜೋಡಿಸಿದರೆ, ಅವುಗಳ ಗತಿಯಲ್ಲಿ ಅಲ್ಪ ಭೇದವಿದ್ದರೂ ಒಂದು ಇನ್ನೊಂದನ್ನು ಸೆಳೆದು ಎರಡೂ ಸಮಗತಿಯಲ್ಲಿ ಆಡತೊಡಗುತ್ತವೆ. ಈ ಮೇಳಕ್ಕೆ ಶತ್ರುವೆಂದರೆ ಯಾದೃಚ್ಛಿಕ ಗದ್ದಲ. ಮಂಡಲದಲ್ಲಿ ರೋಧವುಳ್ಳ ಭಾಗಗಳಲ್ಲಿ ಉಷ್ಣದಿಂದ ಎಲೆಕ್ಟ್ರಾನುಗಳು ಗೊತ್ತುಗುರಿಯಿಲ್ಲದೆ ಕದಲುವುದರಿಂದ ಅದು ಹುಟ್ಟುತ್ತದೆ. ಗದ್ದಲ ಅಲ್ಪವಾದರೆ ಆಂದೋಲಕಗಳು ಕೊಂಚ ನಡುಗಿ ಮತ್ತೆ ಹೊಂದಿಕೊಳ್ಳುತ್ತವೆ. ಅಧಿಕವಾದರೆ ಒಂದು ಆಂದೋಲಕವು ಪೂರ್ತಿ ಒಂದು ಸುತ್ತು ಜಾರಿ ತಾಳ ತಪ್ಪುತ್ತದೆ. ಅಂಥ ಜಾರುವಿಕೆಗಳು ಹೆಚ್ಚಿದಂತೆ ಮೇಳವೇ ಮುರಿಯುತ್ತದೆ. ಅನೇಕ ಆಂದೋಲಕಗಳು ದೃಢವಾಗಿ ಕೂಡಿಕೊಂಡರೆ, ಒಂದೊಂದರ ಗದ್ದಲವೂ ಬೇರೆಬೇರೆಯಾದುದರಿಂದ ಸರಾಸರಿಯಲ್ಲಿ ತಗ್ಗಿ, ಸಮೂಹದ ಗತಿ ಶುದ್ಧವಾಗುತ್ತದೆ.

ಈ ಗದ್ದಲದ ಬಲವು ಉಷ್ಣತೆಗೆ ಅನುಗುಣವಾದುದು. ಕೋಣೆಯ ಉಷ್ಣತೆಯಿಂದ ದ್ರವ ಹೀಲಿಯಮ್ಮಿಗೆ ಇಳಿದರೆ ಅದು ಸುಮಾರು 70ರಲ್ಲಿ ಒಂದು ಪಾಲಾಗುತ್ತದೆ. ಆದರೂ ಪೂರ್ಣವಾಗಿ ಅಡಗುವುದಿಲ್ಲ. ಎಷ್ಟೇ ತಣಿಸಿದರೂ ಕ್ವಾಂಟಂ ನಿಯಮದಿಂದ ಬರುವ ಕಂಪನವೊಂದು ಉಳಿದೇ ಇರುತ್ತದೆ. 2025ರ ಭೌತವಿಜ್ಞಾನದ ನೊಬೆಲ್ ಪಾರಿತೋಷಿಕಕ್ಕೆ ಪಾತ್ರವಾದ ಕ್ಲಾರ್ಕ್, ಡೆವೊರೆ, ಮಾರ್ಟಿನಿಸ್ ಅವರ ಪ್ರಯೋಗಗಳಲ್ಲಿಯೂ ಹೊರಗಿನ ಗದ್ದಲ ಒಳನುಗ್ಗದಂತೆ ತಡೆಯುವುದೇ ಒಂದು ಮುಖ್ಯ ಶ್ರಮವಾಗಿತ್ತು.

ಕೋಲಾಹಲವನ್ನು ತಾಳ್ಮೆಯಿಂದ ಡಿಗ್ರಿ ಡಿಗ್ರಿಯಾಗಿ ತಗ್ಗಿಸುತ್ತ ಹೋದವರಿಗೆ ಪ್ರಕೃತಿ ತನ್ನ ಸೂಕ್ಷ್ಮ ಲಯವನ್ನು ಕೇಳಿಸಿತು. ಮೂರು ವರ್ಷಗಳ ಅಡ್ಡಿಯನ್ನು ಸಹಿಸಿ, ಅನೇಕ ಕೈಗಳನ್ನು ಕೂಡಿಸಿ ಕಾರ್ಯ ಸಾಧಿಸಿದ ಓನೆಸ್ ಅವರ ಜೀವನವು ನಮ್ಮ ವಿದ್ಯಾರ್ಥಿಗಳಿಗೆ ದಾರಿದೀಪವಾಗಲಿ.