ಡಾಕ್ಟರ್ ಕೋಲ್ಮನ್

ಚಿಕ್ಕಮಗಳೂರಿನ ಉತ್ತರಕ್ಕೆ ಕುದುರೆಯ ಲಾಳದ ಆಕಾರದಲ್ಲಿ ಬಾಬಾಬುಡನ್‌ಗಿರಿಯ ಸಾಲು ಹಬ್ಬಿದೆ. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಎಂಬ ಸಂತರು ಯೆಮನ್ ದೇಶದಿಂದ ಏಳು ಕಾಫಿ ಬೀಜಗಳನ್ನು ತಂದು ಇಲ್ಲಿ ಬಿತ್ತಿದರೆಂದು ಪ್ರತೀತಿ. ಆ ಬೆಳೆಗೆ ಮುಂದೆ ರೋಗಗಳು ಅಮರಿಕೊಂಡಾಗ ಅದರ ಶುಶ್ರೂಷೆಗೆ ವಿಜ್ಞಾನದ ನೆರವನ್ನು ಒದಗಿಸಿದವರಲ್ಲಿ ಅಗ್ರಗಣ್ಯರು ಡಾಕ್ಟರ್ ಲೆಸ್ಲಿ ಕೋಲ್ಮನ್.

ಕೋಲ್ಮನ್ನರು 1878ರಲ್ಲಿ ಕೆನಡಾ ದೇಶದ ಒಂಟಾರಿಯೊ ಪ್ರಾಂತದಲ್ಲಿ ಜನಿಸಿದರು. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು, ಹೆಚ್ಚಿನ ವ್ಯಾಸಂಗಕ್ಕಾಗಿ ಜರ್ಮನಿಯ ಗಟಿಂಗೆನ್ನಿಗೆ ತೆರಳಿದರು. ಅಲ್ಲಿ ಅವರು ಆರಿಸಿಕೊಂಡ ವಿಷಯ ಗಮನಾರ್ಹವಾದುದು. ಒಂದು ಹಿಡಿ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಅಸಂಖ್ಯಾತ ಜೀವಿಗಳಿರುತ್ತವೆ. ಅವುಗಳಲ್ಲಿ ಕೆಲವು, ಎಲೆ ಗೊಬ್ಬರಗಳು ಕೊಳೆತಾಗ ಹುಟ್ಟುವ ಅಮೋನಿಯವನ್ನು ನೈಟ್ರೇಟ್ ಎಂಬ ಲವಣವಾಗಿ ಮಾರ್ಪಡಿಸುತ್ತವೆ. ಸಸ್ಯಗಳ ಬೇರುಗಳು ಸಾರಜನಕವನ್ನು ಬಹುಮಟ್ಟಿಗೆ ಈ ರೂಪದಲ್ಲಿಯೇ ಹೀರಿಕೊಳ್ಳುತ್ತವೆ. ಈ ಕ್ರಿಯೆಯನ್ನು ಕುರಿತ ಕೋಲ್ಮನ್ನರ ಸಂಶೋಧನೆ 1908ರಲ್ಲಿ ಪ್ರಕಟವಾಯಿತು. ನೆಲವನ್ನು ಜಡವಸ್ತುವೆಂದು ಬಗೆಯದೆ ಸಜೀವ ಲೋಕವೆಂದು ಅರಿತ ತರುಣ ವಿಜ್ಞಾನಿಯೊಬ್ಬರು ಅದೇ ವರ್ಷ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಸಸ್ಯರೋಗ ಮತ್ತು ಕೀಟಗಳ ಅಧ್ಯಯನ ಅವರ ಪಾಲಿನ ಕೆಲಸವಾಗಿತ್ತು.

ಮಲೆನಾಡಿನ ಅಡಕೆ ತೋಟಗಳನ್ನು ಆಗ ಕೊಳೆರೋಗ ಹಾಳುಗೆಡವುತ್ತಿತ್ತು. ಮಳೆಗಾಲದಲ್ಲಿ ಎಳೆಯ ಕಾಯಿಗಳು ಕೊಳೆತು ಬುಡಕ್ಕೆ ಉದುರುತ್ತಿದ್ದುವು. ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯ ನೀರನ್ನು ತಡೆಯುವುದೊಂದೇ ರೈತರಿಗೆ ತಿಳಿದಿದ್ದ ಉಪಾಯ. ಕೋಲ್ಮನ್ನರು ಈ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ, 1910ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣವನ್ನು ನೀರಿನಲ್ಲಿ ಬೆರೆಸಿದ ಬೋರ್ಡೊ ದ್ರಾವಣವನ್ನು ಮಳೆಗೆ ಮುನ್ನ ಗೊನೆಗಳಿಗೆ ಸಿಂಪಡಿಸುವ ಕ್ರಮ ಅವರ ಪ್ರಯತ್ನದಿಂದ ಬಳಕೆಗೆ ಬಂದಿತು. ಮಲೆನಾಡಿನ ಕೊನೆಗಾರರು ಮರವೇರಿ ಇಂದಿಗೂ ಮಾಡುವ ಕೆಲಸವಿದು.

1913ರಲ್ಲಿ ಅವರು ಸಂಸ್ಥಾನದ ಪ್ರಥಮ ಕೃಷಿ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. ಮಂಡ್ಯ ಸೀಮೆಯಲ್ಲಿ ಕಬ್ಬಿನ ಬೇಸಾಯ ನೆಲೆಗೊಂಡುದರಲ್ಲಿಯೂ ಅವರ ಪಾತ್ರ ದೊಡ್ಡದು. ಜೋಳದ ಪೈರನ್ನು ತಿನ್ನುವ ರೆಕ್ಕೆಯಿಲ್ಲದ ಒಂದು ಮಿಡತೆಗೆ ಪ್ರಾಣಿಶಾಸ್ತ್ರಜ್ಞರು ಅವರ ಹೆಸರನ್ನೇ ಇಟ್ಟಿದ್ದಾರೆ. ರೈತನ ಮಿತ್ರರೊಬ್ಬರ ಹೆಸರು ರೈತನ ಶತ್ರುವಿಗೆ ಅಂಟಿಕೊಂಡುದು ವಿನೋದವೇ ಸರಿ!

ಕಾಫಿಯ ಕಥೆ ಇನ್ನೂ ತೊಡಕಿನದು. ಹತ್ತೊಂಬತ್ತನೆಯ ಶತಮಾನದಲ್ಲಿ ಗಿರಿಯ ಸುತ್ತಲೂ, ಮೂಡಿಗೆರೆಯ ಕಡೆಗೂ ತೋಟಗಳು ಹಬ್ಬಿದುವು. ಕಾಡನ್ನು ಪೂರ್ಣವಾಗಿ ಕಡಿದು ಬಿಸಿಲಿಗೆ ತೆರೆದಿಟ್ಟ ಕಡೆಗಳಲ್ಲಿ ಕಾಂಡಕೊರಕ ಹುಳುವಿನ ಕಾಟ ಹೆಚ್ಚಿತು. ಇಳಿಜಾರಿನ ನೆಲಕ್ಕೆ ಮರದ ಮರೆ ತಪ್ಪಿದರೆ ಮುಂಗಾರಿನ ಹನಿಗಳು ನೇರವಾಗಿ ಬಡಿದು ಮೇಲ್ಮಣ್ಣನ್ನು ಸಡಿಲಿಸುತ್ತವೆ. ಅದು ಕೆಂಪು ನೀರಾಗಿ ಹಳ್ಳ ಸೇರುತ್ತದೆ. ಕಾಡು ನೂರಾರು ವರ್ಷ ದರಗನ್ನು ಉದುರಿಸಿ ಕೂಡಿಸಿದ ಆ ಕಪ್ಪು ಪದರದಲ್ಲಿಯೇ ಕೋಲ್ಮನ್ನರು ಅಭ್ಯಾಸ ಮಾಡಿದ್ದ ಜೀವಿಗಳ ವಾಸ. ಪದರ ಕೊಚ್ಚಿಹೋದರೆ ಗಿಡಕ್ಕೆ ಆಹಾರ ಸಿದ್ಧಪಡಿಸುವವರು ಇಲ್ಲದಂತಾಗುತ್ತದೆ. ಆದುದರಿಂದಲೇ ಇಲ್ಲಿನ ಬೆಳೆಗಾರರು ಹಲಸು, ಅತ್ತಿ, ಹಾಲುವಾಣ ಮೊದಲಾದ ಮರಗಳ ನೆರಳಿನಲ್ಲಿ ಕಾಫಿ ಬೆಳೆಯುವುದನ್ನು ರೂಢಿಸಿಕೊಂಡರು. ಸಾಲುಗಳ ನಡುವೆ ತೊಟ್ಟಿಲುಗುಂಡಿ ತೋಡಿ, ಹರಿದುಬಂದ ನೀರನ್ನೂ ಮಣ್ಣನ್ನೂ ಅಲ್ಲಿಯೇ ತಂಗಿಸತೊಡಗಿದರು.

ನೆರಳಿನ ತೋಟಗಳಿಗೂ ಎಲೆತುಕ್ಕು ರೋಗ ತಪ್ಪಲಿಲ್ಲ. ಸಿಂಹಳ ದ್ವೀಪದ ಕಾಫಿಯನ್ನು ನಿರ್ನಾಮ ಮಾಡಿದ ರೋಗವಿದು. ಇದರ ಪರಿಹಾರಕ್ಕಾಗಿ 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕ ಸಂಶೋಧನಾ ಘಟಕವೊಂದು ತೆರೆಯಿತು. 1925ರಲ್ಲಿ ಭದ್ರಾ ತೀರದ ಬಾಳೆಹೊನ್ನೂರಿನ ಸಮೀಪದಲ್ಲಿ ಕಾಫಿ ಪ್ರಯೋಗ ಕೇಂದ್ರ ಸ್ಥಾಪನೆಯಾಯಿತು. ಇವೆರಡೂ ಕೋಲ್ಮನ್ನರ ಕಾಲದ ಕಾರ್ಯಗಳು.

ಎಲೆತುಕ್ಕಿಗೂ ಬೋರ್ಡೊ ದ್ರಾವಣವೇ ಮದ್ದಾಯಿತು. ಆದರೆ ಈ ಮದ್ದಿಗೆ ಇನ್ನೊಂದು ಮುಖವಿದೆ. ಮೈಲುತುತ್ತದಲ್ಲಿರುವ ತಾಮ್ರವು ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಎಲೆಯಿಂದ ತೊಳೆದು ನೆಲಕ್ಕಿಳಿದು, ವರ್ಷ ವರ್ಷವೂ ಮೇಲ್ಮಣ್ಣಿನಲ್ಲಿ ಶೇಖರವಾಗುತ್ತದೆ. ಮಿತಿ ಮೀರಿದಾಗ ಎರೆಹುಳುಗಳಿಗೂ ಮಣ್ಣಿನ ಸೂಕ್ಷ್ಮಜೀವಿಗಳಿಗೂ ಅದು ವಿಷ. ಯಾವ ಜೀವಿಗಳ ಕಾರ್ಯವನ್ನು ಕೋಲ್ಮನ್ನರು ತಾರುಣ್ಯದಲ್ಲಿ ಶೋಧಿಸಿದರೋ ಆ ಜೀವಿಗಳಿಗೇ ಅವರು ರೂಢಿಗೆ ತಂದ ಔಷಧದಿಂದ ಅಪಾಯ ಒದಗಬಹುದಾಗಿದೆ. ಇದಕ್ಕಾಗಿ ಅವರನ್ನು ದೂಷಿಸುವುದು ನ್ಯಾಯವಲ್ಲ. ಅಂದು ತೋಟಗಳನ್ನು ಉಳಿಸುವ ಬೇರೆ ದಾರಿ ಇರಲಿಲ್ಲ. ಸಿಂಪರಣೆಯನ್ನು ಕಡಿಮೆ ಮಾಡಬೇಕಾದರೆ ಗಿಡವೇ ರೋಗವನ್ನು ತಾಳಿಕೊಳ್ಳುವಂತಿರಬೇಕು. ಬಾಳೆಹೊನ್ನೂರಿನ ಕೇಂದ್ರ ಆ ಮಾರ್ಗವನ್ನೂ ಹಿಡಿಯಿತು. 1940ರ ದಶಕದಲ್ಲಿ ಅಲ್ಲಿಂದ ಹೊರಬಂದ ಎಸ್. 795 ಎಂಬ ತಳಿ ಎಲೆತುಕ್ಕನ್ನು ತಕ್ಕಮಟ್ಟಿಗೆ ತಡೆದುಕೊಂಡು, ಗಿರಿಯ ತೋಟಗಳಲ್ಲೆಲ್ಲ ಹರಡಿತು.

ಕೋಲ್ಮನ್ನರು 1934ರಲ್ಲಿ ನಿವೃತ್ತರಾಗಿ ಸ್ವದೇಶಕ್ಕೆ ಮರಳಿದರು. 1954ರಲ್ಲಿ ಅವರು ಕಾಲವಾದರು. ಹೆಬ್ಬಾಳದ ಶಾಲೆ ಬೆಳೆದು 1946ರಲ್ಲಿ ಕೃಷಿ ಕಾಲೇಜಾಯಿತು. 1964ರಲ್ಲಿ ಅಲ್ಲಿ ಕೃಷಿ ವಿಶ್ವವಿದ್ಯಾಲಯ ಸ್ಥಾಪಿತವಾಯಿತು. ಬಾಳೆಹೊನ್ನೂರಿನ ಪ್ರಯೋಗ ಕೇಂದ್ರವು ಇಂದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯೆಂದು ಹೆಸರಾಗಿದೆ. ಬೆಳೆಗಾರರು ತಮ್ಮ ತೋಟದ ಮಣ್ಣನ್ನು ಚೀಲದಲ್ಲಿ ತುಂಬಿ ಅಲ್ಲಿಗೆ ಒಯ್ಯುತ್ತಾರೆ. ಮಳೆಯಿಂದ ಹುಳಿಯೇರಿದ ನೆಲಕ್ಕೆ ಎಷ್ಟು ಸುಣ್ಣ ಬೇಕು, ಯಾವ ಗೊಬ್ಬರ ಎಷ್ಟು ಸಾಕು ಎಂಬುದನ್ನು ಅಲ್ಲಿನ ವಿಜ್ಞಾನಿಗಳು ಪರೀಕ್ಷಿಸಿ ತಿಳಿಸುತ್ತಾರೆ.