ಎರಡು ಸಾವುಗಳ ಅರಸು

ವಿದ್ಯಾರ್ಥಿದೆಸೆಯಲ್ಲಿ ಮಾರ್ಲೋ ಕವಿಯ ನಾಟಕದ ಮೂಲಕ ಇಂಗ್ಲೆಂಡಿನ ಎರಡನೆಯ ಎಡ್ವರ್ಡನ ಪರಿಚಯವಾದಾಗ ನನ್ನಲ್ಲಿ ಕನಿಕರಕ್ಕಿಂತ ಬೇಸರವೇ ಹೆಚ್ಚಾಗಿ ಹುಟ್ಟಿತ್ತು. ಗೆಳೆಯನೊಬ್ಬನಿಗಾಗಿ ರಾಜ್ಯವನ್ನೇ ಒತ್ತೆಯಿಟ್ಟ ಅವಿವೇಕಿಯೆಂದು ಅವನನ್ನು ಬದಿಗಿರಿಸಿದ್ದೆ. ಈಚೆಗೆ ಅವನ ಚರಿತ್ರೆಯನ್ನು ಮತ್ತೆ ಓದಿದ ಮೇಲೆ, ಅಂದಿನ ನನ್ನ ತೀರ್ಪು ಅವಸರದ್ದೆಂದು ತೋರುತ್ತಿದೆ.

ಅವನು ಹುಟ್ಟಿದ್ದು 1284ರಲ್ಲಿ, ವೇಲ್ಸ್ ನಾಡಿನ ಕೇರ್ನಾರ್ವನ್ನಿನಲ್ಲಿ. ತಂದೆ ಮೊದಲನೆಯ ಎಡ್ವರ್ಡ್ ವೇಲ್ಸನ್ನು ಗೆದ್ದು ಸ್ಕಾಟ್ಲೆಂಡನ್ನು ನಡುಗಿಸಿದ ಕಠೋರ ಯೋಧ. ಮಗನೂ ಎತ್ತರದ ಆಳು, ದೃಢಕಾಯನೇ. ಆದರೆ ಅವನ ಮನಸ್ಸೆಲ್ಲ ದೋಣಿ ನಡೆಸುವುದರಲ್ಲಿ, ಕಾಲುವೆ ಅಗೆಯುವುದರಲ್ಲಿ, ಮನೆಗೆ ಹುಲ್ಲು ಹೊದಿಸುವುದರಲ್ಲಿ. ಅಂಬಿಗರೂ ಕುಶಲಕರ್ಮಿಗಳೂ ಅವನ ಮೆಚ್ಚಿನ ಸಂಗಾತಿಗಳು. ನಮಗೆ ಇವು ನಿರ್ದೋಷವಾದ ಹವ್ಯಾಸಗಳು. ಅಂದಿನ ಸಾಮಂತರಿಗಾದರೋ ರಾಜಪದವಿಗೆ ಕುಂದು.

1307ರಲ್ಲಿ ಪಟ್ಟ ಬಂದೊಡನೆ, ತಂದೆ ಗಡೀಪಾರು ಮಾಡಿದ್ದ ಪಿಯರ್ಸ್ ಗ್ಯಾವೆಸ್ಟನ್ ಎಂಬ ಗೆಳೆಯನನ್ನು ಮರಳಿ ಕರೆಸಿ ಕಾರ್ನ್‌ವಾಲಿನ ಒಡೆತನವನ್ನೇ ಕೊಟ್ಟ. ಮರುವರ್ಷ ಫ್ರಾನ್ಸಿನ ರಾಜಕುಮಾರಿ ಇಸಬೆಲ್ಲಳನ್ನು ವರಿಸಿದನಾದರೂ, ಪಟ್ಟಾಭಿಷೇಕದ ದಿನ ಕಿರೀಟವನ್ನು ಹೊತ್ತು ನಡೆದವನು ಗ್ಯಾವೆಸ್ಟನ್ನನೇ. ಸಾಮಂತರ ಕಣ್ಣು ಕೆಂಪಾಯಿತು. 1312ರಲ್ಲಿ ಅಭಯವಿತ್ತು ಸೆರೆಹಿಡಿದಿದ್ದ ಅವನನ್ನು ಗುಡ್ಡವೊಂದರ ಮೇಲೆ ಕೊಂದುಹಾಕಿದರು. ಎರಡು ವರ್ಷಗಳ ತರುವಾಯ ಬ್ಯಾನಕ್‌ಬರ್ನ್ ರಣರಂಗದಲ್ಲಿ ಸ್ಕಾಟ್ ಅರಸು ರಾಬರ್ಟ್ ಬ್ರೂಸನಿಂದ ಘೋರ ಪರಾಭವ. ಅದರ ಬೆನ್ನಿಗೇ ಮಳೆಯಿಂದ ಪೈರು ಕೊಳೆತು 1315ರಿಂದ ಭೀಕರ ಕ್ಷಾಮ.

ಇಷ್ಟಾದರೂ ಅರಸು ಪಾಠ ಕಲಿಯಲಿಲ್ಲವೆಂಬುದನ್ನು ನಾನು ಮರೆಮಾಚಲಾರೆ. 1322ರಲ್ಲಿ, ವಿರೋಧಿಗಳ ಮುಂದಾಳಾದ ತನ್ನ ದಾಯಾದಿ ಲ್ಯಾಂಕಾಸ್ಟರಿನ ಥಾಮಸನ ತಲೆ ಕಡಿಸಿದ. ಹೊಸ ಮೆಚ್ಚುಗಾರರಾದ ಡೆಸ್ಪೆನ್ಸರ್ ತಂದೆಮಕ್ಕಳ ದುರಾಸೆಗೆ ಕಡಿವಾಣ ಹಾಕಲಿಲ್ಲ. ರಾಯಭಾರದ ಮೇಲೆ ತವರಿಗೆ ಹೋದ ಇಸಬೆಲ್ಲ ಮರಳಿದ್ದು 1326ರಲ್ಲಿ, ಲಂಡನ್ ಕೋಟೆಯ ಸೆರೆಯಿಂದ ಪಾರಾಗಿದ್ದ ರೋಜರ್ ಮಾರ್ಟಿಮರನೊಡನೆ, ದಂಡು ಸಮೇತವಾಗಿ. ಅರಸನ ಪರವಾಗಿ ನಿಲ್ಲುವವರು ಬಹುಮಟ್ಟಿಗೆ ಇಲ್ಲವಾದರು. 1327ರ ಜನವರಿಯಲ್ಲಿ, ಕೆನಿಲ್‌ವರ್ತ್ ಕೋಟೆಯ ಸೆರೆಯಲ್ಲಿದ್ದ ಅವನು ಹದಿನಾಲ್ಕರ ಮಗನಿಗೆ ಕಿರೀಟ ಬಿಟ್ಟುಕೊಟ್ಟ. ನಾರ್ಮನ್ನರ ವಿಜಯದ ಬಳಿಕ ಇಂಗ್ಲೆಂಡಿನಲ್ಲಿ ಹೀಗೆ ಪಟ್ಟ ಕಳೆದುಕೊಂಡವರಲ್ಲಿ ಅವನೇ ಮೊದಲಿಗ.

ಸೆಪ್ಟೆಂಬರ್ 21ರಂದು ಅವನು ಬರ್ಕ್ಲಿ ಕೋಟೆಯಲ್ಲಿ ಮಡಿದನೆಂದು ಸುದ್ದಿಯಾಯಿತು. ಕಾದ ಕಬ್ಬಿಣದಿಂದ ಕೊಂದರೆಂಬ ಕ್ರೂರ ಕಥೆ ಹಬ್ಬಿದ್ದು ಆಮೇಲಿನ ಬರೆಹಗಳಿಂದ. ಡಿಸೆಂಬರಿನಲ್ಲಿ ಗ್ಲಾಸ್ಟರಿನ ಮಠದಲ್ಲಿ ರಾಜಮರ್ಯಾದೆಯಿಂದ ಸಮಾಧಿಯೂ ಆಯಿತು. ಅಲ್ಲಿಗೆ ಕಥೆ ಮುಗಿಯಬೇಕಾಗಿತ್ತು.

ಮುಗಿಯಲಿಲ್ಲ. ಅಣ್ಣ ಬದುಕಿದ್ದಾನೆಂದು ನಂಬಿದ ಮಲತಮ್ಮ, ಕೆಂಟಿನ ಎಡ್ಮಂಡ್, ಅವನನ್ನು ಬಿಡಿಸಲು ಯತ್ನಿಸಿ 1330ರ ಮಾರ್ಚಿಯಲ್ಲಿ ಸಿಕ್ಕಿಬಿದ್ದ. ನಾಲ್ಕು ವರ್ಷಗಳ ಹಿಂದೆ ಇದೇ ಎಡ್ಮಂಡ್ ರಾಣಿಯ ಪಕ್ಷ ಹಿಡಿದು ಅಣ್ಣನ ಪತನಕ್ಕೆ ನೆರವಾಗಿದ್ದವನು! ವಿಂಚೆಸ್ಟರಿನಲ್ಲಿ ಅವನ ತಲೆ ಕಡಿಯಲು ಯಾರೂ ಮುಂದೆ ಬರಲಿಲ್ಲ. ಸಂಜೆಯವರೆಗೆ ಕಾಯಿಸಿ, ಕೊನೆಗೆ ಕ್ಷಮಾದಾನದ ಆಸೆಗೆ ಮರಣದಂಡನೆಯ ಕೈದಿಯೊಬ್ಬ ಕೊಡಲಿ ಎತ್ತಿದ. ಅದೇ ವರ್ಷದ ನವೆಂಬರಿನಲ್ಲಿ ಮಾರ್ಟಿಮರ್ ನೇಣುಗಂಬ ಏರಿದ.

ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಮಾಂಪೆಲಿಯೆ ನಗರದ ದಫ್ತರದಲ್ಲಿ ಪತ್ರದ ಪ್ರತಿಯೊಂದು ದೊರೆಯಿತು. ಪೋಪರ ಲಿಪಿಕಾರ ಮ್ಯಾನುಯೆಲ್ ಫಿಯೆಸ್ಕಿ ಮೂರನೆಯ ಎಡ್ವರ್ಡನಿಗೆ ಬರೆದದ್ದು. ತಂದೆ ಕಾವಲುಗಾರನನ್ನು ಕೊಂದು ತಪ್ಪಿಸಿಕೊಂಡು, ಐರ್ಲೆಂಡ್, ಅವಿನ್ಯಾನ್, ಕಲೋನ್‌ಗಳನ್ನು ಹಾದು ಇಟಲಿಯ ಆಶ್ರಮದಲ್ಲಿ ವಿರಕ್ತನಾಗಿರುವನೆಂಬುದು ಅದರ ಸಾರ. ವಿದ್ವಾಂಸರಲ್ಲಿ ಹೆಚ್ಚಿನವರು ಇದನ್ನು ಒಪ್ಪರು. ಬರ್ಕ್ಲಿಯ ಸಾವೇ ನಿಜವೆನ್ನುವರು. ಒಪ್ಪುವ ಕೆಲವರೂ ಇದ್ದಾರೆ.

ಯಾವುದು ಸತ್ಯವೆಂದು ತೀರ್ಮಾನಿಸುವ ಅಧಿಕಾರ ನನಗಿಲ್ಲ. ಆದರೆ ಓದಿ ಮುಗಿಸಿದಾಗ ನನ್ನ ಕಣ್ಣಮುಂದೆ ನಿಂತದ್ದು ಅರಸನಲ್ಲ, ಸಂಜೆಯವರೆಗೆ ಕಾದು ನಿಂತ ಆ ತಮ್ಮ. ತಾನೇ ಕೆಡವಿದ ಅಣ್ಣನಿಗಾಗಿ ತಲೆ ಕೊಟ್ಟನಲ್ಲ! ಎಡ್ವರ್ಡ್ ದೊರೆತನಕ್ಕೆ ತಕ್ಕವನಾಗಿರಲಿಲ್ಲ, ನಿಜ. ಹಾಗೆಂದು ಅವನನ್ನು ತೂಗಿ ಎಸೆದವರಲ್ಲಿ ಒಬ್ಬನಿಗಾದರೂ ತನ್ನ ತಕ್ಕಡಿಯ ಮೇಲೆ ಸಂದೇಹ ಹುಟ್ಟಿತೆಂಬುದನ್ನು, ಹಳೆಯ ತೀರ್ಪನ್ನು ಹಿಂತೆಗೆದುಕೊಳ್ಳುತ್ತಿರುವ ನಾನು ಮರೆಯಲಾರೆ.