ಗಾಸ್ಪಾರ್ ಮೋಂಜ್: ಘನಾಕೃತಿಗಳನ್ನು ಹಾಳೆಗಿಳಿಸಿದ ಗುರು

ಶಂಕು, ಗೋಳ, ಸ್ತಂಭಗಳನ್ನು ಕರಿಹಲಗೆಯ ಮೇಲೆ ಬರೆಯಲು ನಾವೆಲ್ಲರೂ ಶಾಲೆಯಲ್ಲಿ ಕಲಿತವರೇ. ಎತ್ತರವುಳ್ಳ ವಸ್ತುವನ್ನು ಎತ್ತರವಿಲ್ಲದ ಹಾಳೆಗೆ ಇಳಿಸುವ ಈ ವಿದ್ಯೆಯನ್ನು ಶಾಸ್ತ್ರವಾಗಿ ರೂಪಿಸಿ ಬೋಧಿಸಿದವನು ಫ್ರಾನ್ಸ್ ದೇಶದ ಗಾಸ್ಪಾರ್ ಮೋಂಜ್.

1746ರಲ್ಲಿ ಬೋನ್ ಪಟ್ಟಣದಲ್ಲಿ ಜನಿಸಿದ ಈತನ ತಂದೆ ತಿರುಗಾಟದ ಸಣ್ಣ ವ್ಯಾಪಾರಿ. ಹದಿಹರೆಯದಲ್ಲಿಯೇ ಮೋಂಜ್ ತನ್ನೂರನ್ನು ಅಳೆದು ನಕ್ಷೆ ಬರೆದನು. ಅದನ್ನು ಕಂಡ ಸೇನಾಧಿಕಾರಿಯೊಬ್ಬನು ಅವನಿಗೆ ಮೆಜಿಯೇರಿನ ಸೇನಾ ಇಂಜಿನಿಯರಿಂಗ್ ಶಾಲೆಯಲ್ಲಿ ಸ್ಥಾನ ಕೊಡಿಸಿದನು. ಆದರೆ ಅಲ್ಲಿ ಅಧಿಕಾರಿಗಳ ವರ್ಗ ಕುಲೀನರ ಮಕ್ಕಳಿಗೆ ಮೀಸಲು. ಇವನಿಗೆ ದೊರೆತದ್ದು ನಕ್ಷೆಗಳ ಮತ್ತು ಗಾರೆಯ ಮಾದರಿಗಳ ಕೆಲಸ. ಒಮ್ಮೆ, ಶತ್ರುವಿನ ಗುಂಡಿಗೆ ಸಿಗದಂತೆ ಕೋಟೆಯ ಗೋಡೆಗಳನ್ನು ಹೇಗೆ ಕಟ್ಟಬೇಕೆಂಬ ಪ್ರಶ್ನೆಯನ್ನು ಅವನ ಮುಂದಿಟ್ಟರು. ದೀರ್ಘ ಲೆಕ್ಕಾಚಾರ ಬೇಡುತ್ತಿದ್ದ ಅದನ್ನು ಅವನು ರೇಖೆಗಳಿಂದಲೇ ಬೇಗನೆ ಬಿಡಿಸಿದನು. ಇಷ್ಟು ಬೇಗ ಲೆಕ್ಕ ಮುಗಿಯುವುದುಂಟೇ ಎಂದು ಮೇಲಧಿಕಾರಿ ಉತ್ತರವನ್ನು ನೋಡಲೂ ಮೊದಲು ಒಪ್ಪಲಿಲ್ಲ. ನೋಡಿದ ಬಳಿಕವಾದರೋ ಆ ವಿಧಾನವೇ ಸೇನೆಯ ಗುಟ್ಟಾಯಿತು, ಹೊರಗಿನವರಿಗೆ ಕಲಿಸುವಂತಿರಲಿಲ್ಲ.

ಗುಟ್ಟು ಬಹಳ ಸರಳ. ತರಗತಿಯ ನೆಲವನ್ನೂ ಎದುರಿನ ಗೋಡೆಯನ್ನೂ ಎರಡು ಹಾಳೆಗಳೆಂದು ಭಾವಿಸೋಣ. ವಸ್ತುವಿನ ಪ್ರತಿಯೊಂದು ಬಿಂದುವಿನಿಂದ ಎರಡಕ್ಕೂ ಲಂಬ ರೇಖೆಗಳನ್ನು ಎಳೆದರೆ ನೆಲದಲ್ಲಿ ಮೇಲಿನ ನೋಟ, ಗೋಡೆಯಲ್ಲಿ ಎದುರಿನ ನೋಟ ಮೂಡುತ್ತವೆ. ಗೋಡೆಯನ್ನು ಪುಸ್ತಕದ ರಟ್ಟಿನಂತೆ ಹಿಂದಕ್ಕೆ ಮಗುಚಿದರೆ ಎರಡೂ ಒಂದೇ ಹಾಳೆಗೆ ಬರುತ್ತವೆ. ನೆಟ್ಟಗೆ ನಿಂತ ಸ್ತಂಭವೂ ಗೋಳವೂ ನೆಲದಲ್ಲಿ ವೃತ್ತಗಳೇ. ಗೋಡೆಯಲ್ಲಿ ಒಂದು ಆಯತ, ಇನ್ನೊಂದು ವೃತ್ತ. ಹೀಗೆ ಒಂದು ನೋಟ ಮರೆಮಾಚಿದ್ದನ್ನು ಮತ್ತೊಂದು ಹೇಳುತ್ತದೆ. ನಮ್ಮ ಮಕ್ಕಳು ಎಡವುವುದು ಬಹುಮಟ್ಟಿಗೆ ಇಲ್ಲಿಯೇ: ಒಂದೇ ಚಿತ್ರದಿಂದ ಎಲ್ಲವನ್ನೂ ಹೇಳಿಸಲು ಹೊರಡುತ್ತಾರೆ.

ಮಹಾಕ್ರಾಂತಿಯು ಗುಟ್ಟಿನ ಬಾಗಿಲನ್ನು ತೆರೆಯಿತು. 1795ರಲ್ಲಿ ಪ್ಯಾರಿಸ್ಸಿನಲ್ಲಿ, ದೇಶದ ಮೂಲೆಮೂಲೆಗಳಿಂದ ಬಂದ ಭಾವೀ ಉಪಾಧ್ಯಾಯರಿಗೆ ಮೋಂಜ್ ಈ ರೇಖಾಶಾಸ್ತ್ರವನ್ನು ಬಹಿರಂಗವಾಗಿ ಬೋಧಿಸಿದನು. ತಾನು ಕಟ್ಟಲು ನೆರವಾದ ಪಾಲಿಟೆಕ್ನಿಕ್ ಶಾಲೆಯಲ್ಲಿಯೂ ಅದನ್ನೇ ಪಾಠದ ಬುನಾದಿಯಾಗಿಸಿದನು.

1798ರಲ್ಲಿ ಬೊನಪಾರ್ಟನೊಡನೆ ಈಜಿಪ್ಟಿಗೆ ಹೋದನು. ಮರುವರ್ಷದ ಜನವರಿಯಲ್ಲಿ ಬೊನಪಾರ್ಟ್ ಕೈರೋದಿಂದ ಟಿಪ್ಪು ಸುಲ್ತಾನನಿಗೆ ಪತ್ರ ಬರೆದಾಗ ಮೋಂಜನೂ ಆ ದೇಶದಲ್ಲಿದ್ದನು. ಪತ್ರ ಆಂಗ್ಲರ ಕೈಸೇರಿತು. ಟಿಪ್ಪುವಿನ ಮದ್ದುಗುಂಡಿನ ನೆನಪನ್ನು ಹೆಸರಿನಲ್ಲಿ ಹೊತ್ತ ಸುಲ್ತಾನ್ ಬತ್ತೇರಿಯ ಸೀಮೆಯವರಾದ ನಮಗೆ ಈ ಸಂಗತಿ ವಿಶೇಷವೆನಿಸುತ್ತದೆ.

ಬೊನಪಾರ್ಟನ ಪತನದೊಡನೆ ಮೋಂಜನ ಮಾನವೂ ಹೋಯಿತು. 1816ರಲ್ಲಿ ವಿದ್ವತ್ಸಭೆಯಿಂದ ಅವನನ್ನು ಹೊರಹಾಕಿದರು. 1818ರ ಜುಲೈಯಲ್ಲಿ ತೀರಿಕೊಂಡಾಗ ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೆ ಅಂತ್ಯಕ್ರಿಯೆಗೆ ಹೋಗಲು ಸರಕಾರ ಅನುಮತಿ ಕೊಡಲಿಲ್ಲ. ಅವರು ಮುಂದಿನ ರಜಾದಿನದವರೆಗೆ ಕಾದು, ಒಟ್ಟಾಗಿ ಗುರುವಿನ ಸಮಾಧಿಗೆ ನಡೆದರು.